ಚಿನ್ನದ ಬೇಟೆಯ ಕಾಲದ ಹಳೆಯ ಆಭರಣ: ಬಲ್ಲರಾಟ್, ಕೂಲ್‌ಗಾರ್ಡಿ, ಡನೀಡನ್, ಕ್ಯಾಲಿಫೋರ್ನಿಯ – ಯಾವುದನ್ನು ಆರಿಸಬೇಕು?

ಚಿನ್ನದ ಅಂಗಡಿಯಲ್ಲಿ ನಮ್ಮ ಬಾಯಿಂದ ಮೊದಲು ಬರುವುದು ಎರಡು ಪ್ರಶ್ನೆ. ಎಷ್ಟು ಗ್ರಾಂ? ಎಷ್ಟು ಕ್ಯಾರೆಟ್? 916 ಮುದ್ರೆ ಇದೆಯಾ, ವೇಸ್ಟೇಜ್ ಎಷ್ಟು, ಮಜೂರಿ ಎಷ್ಟು ಅನ್ನುವುದೆಲ್ಲ ಆಮೇಲೆ. ಮದುವೆಗೆ ಸರ, ಬಳೆ ಕೊಳ್ಳುವಾಗ ಈ ಕ್ರಮ ಸರಿಯಾಗಿಯೇ ಇದೆ. ಆದರೆ ಹೊಸದಾಗಿ ಚಿನ್ನ ಸಿಕ್ಕ ಊರುಗಳಿಗೆ ಜನ ಮುಗಿಬಿದ್ದ 19ನೇ ಶತಮಾನದ ಚಿನ್ನದ ಬೇಟೆಯ ಕಾಲದ ಬ್ರೋಚ್ (ಬಟ್ಟೆಗೆ ಚುಚ್ಚಿಕೊಳ್ಳುವ ಆಭರಣ) ಕೊಳ್ಳಲು ಹೋದಾಗಲೂ ಇದೇ ಲೆಕ್ಕ ಹಿಡಿದು ಕೂತರೆ ಒಳ್ಳೆಯದನ್ನು ಬಿಟ್ಟು ಸಾಧಾರಣವಾದದ್ದನ್ನು ಮನೆಗೆ ತರುತ್ತೇವೆ. ಅಲ್ಲಿ 9 ಕ್ಯಾರೆಟ್‌ನ, ನಾಲ್ಕೈದು ಗ್ರಾಂ ತೂಕದ ಪುಟ್ಟ ಬ್ರೋಚ್ ಅದರ ಮೂರರಷ್ಟು ತೂಗುವ 18 ಕ್ಯಾರೆಟ್ ಬ್ರೋಚಿಗಿಂತ ಜಾಸ್ತಿ ಬೆಲೆ ಬಾಳಬಹುದು.

ನಾನು ಹೇಳುವುದು ಇಷ್ಟೇ: ಹುಟ್ಟಿದ ಊರು ಯಾವುದು, ಮಾಡಿದವರು ಯಾರು ಅನ್ನುವುದು ಆ ವಸ್ತುವಿನಲ್ಲೇ ಕಾಣಬೇಕು. ಮಾರುವವರ ಬಾಯಿಮಾತು ಅದಕ್ಕೆ ಸಾಲದು. ಗ್ರಾಂ ಮತ್ತು ಕ್ಯಾರೆಟ್ ಕೊನೆಗೆ ಬರಲಿ.

ಮೆಲ್ಬರ್ನಿಗೆ ಅಪ್ಪ ಅಮ್ಮ ಬಂದರೆ ಬಲ್ಲರಾಟ್‌ನಲ್ಲಿ ಚಿನ್ನದ ಬೇಟೆಯ ಕಾಲದ ಊರನ್ನೇ ಮತ್ತೆ ಕಟ್ಟಿ ತೋರಿಸುವ ಬಯಲು ಮ್ಯೂಸಿಯಂ ಸಾವರಿನ್ ಹಿಲ್ ತೋರಿಸದೆ ವಾಪಸ್ ಕಳಿಸುವ ಕನ್ನಡಿಗರು ಕಡಿಮೆ. ಅಲ್ಲಿ ತೊರೆಯಲ್ಲಿ ತಟ್ಟೆ ಅಲ್ಲಾಡಿಸಿ ಚಿನ್ನದ ಕಣ ಹುಡುಕಿದ ಮೇಲೆ, ಆ ಕಾಲದ ನಿಜವಾದ ಆಭರಣ ಒಂದಾದರೂ ಮನೆಯಲ್ಲಿರಲಿ ಅನ್ನಿಸುವುದು ಸಹಜ. ಪರ್ತ್‌ನಲ್ಲಿ, ಆಕ್ಲೆಂಡಿನಲ್ಲಿ ಇರುವವರಿಗೂ, ಬೆಂಗಳೂರಿನಲ್ಲಿ ಕೂತು ಆನ್‌ಲೈನ್ ಹರಾಜು ನೋಡುವವರಿಗೂ ಇದೇ ಆಸೆ. ಕೈಗೆ ಸಿಗುವ ಬಗೆಗಳು ಮುಖ್ಯವಾಗಿ ಐದು. ಐದೂ ಒಂದೇ ಹೆಸರಿನಲ್ಲಿ, 'ಗೋಲ್ಡ್ ರಶ್ ಆಭರಣ' ಅಂತ ಮಾರಾಟವಾಗುತ್ತವೆ. ಆದರೆ ಒಂದಕ್ಕೊಂದು ಸಂಬಂಧವೇ ಇಲ್ಲದಷ್ಟು ಬೇರೆ.

ಮೊದಲ ಅಲೆ: ವಿಕ್ಟೋರಿಯ ಮತ್ತು ಸಿಡ್ನಿ, 1851ರಿಂದ

1851ರ ಫೆಬ್ರವರಿಯಲ್ಲಿ ಎಡ್ವರ್ಡ್ ಹಾರ್ಗ್ರೇವ್ಸ್ ನ್ಯೂ ಸೌತ್ ವೇಲ್ಸ್‌ನ ಬ್ಯಾಥರ್ಸ್ಟ್ ಹತ್ತಿರ ಚಿನ್ನ ಕಂಡದ್ದೇ ಶುರು. ಅದೇ ವರ್ಷ ವಿಕ್ಟೋರಿಯದ ಕ್ಲೂನ್ಸ್, ಬಲ್ಲರಾಟ್, ಬೆಂಡಿಗೊಗಳಲ್ಲೂ ಸಿಕ್ಕಿತು. ಅಲ್ಲಿ ಚಿನ್ನ ಅಗೆಯಲು ಯಾರು ಬೇಕಾದರೂ ಹೋಗಬಹುದಿತ್ತು. ತಿಂಗಳಿಗೆ 30 ಶಿಲ್ಲಿಂಗ್ ಕೊಟ್ಟು ಲೈಸೆನ್ಸ್ ತೆಗೆದುಕೊಳ್ಳಬೇಕಿತ್ತು, ಅಷ್ಟೇ. ಆ ಲೈಸೆನ್ಸಿನ ಹೊರೆಯೇ 1854ರ ಡಿಸೆಂಬರ್ 3ರಂದು ಬಲ್ಲರಾಟ್‌ನ ಗಣಿಗಾರರು ಎದ್ದ ಯುರೇಕಾ ದಂಗೆಗೆ ಕಾರಣವಾಯಿತು. ಸಿಕ್ಕ ಗಟ್ಟಿ (ನೆಲದಲ್ಲಿ ಹಾಗೇ ಸಿಗುವ ಚಿನ್ನದ ಉಂಡೆ) ಅಗೆದವನದೇ. ಅವನು ಅದನ್ನು ನೇರವಾಗಿ ಅಕ್ಕಸಾಲಿಯ ಹತ್ತಿರ ಒಯ್ದು, ಊರಲ್ಲಿರುವ ಹೆಂಡತಿಗೋ ಅಕ್ಕನಿಗೋ ಒಂದು ಬ್ರೋಚ್ ಮಾಡಿಸಬಹುದಿತ್ತು. ಈ ಆಭರಣ ಹುಟ್ಟಿದ್ದೇ ಹಾಗೆ.

ಇಲ್ಲಿ ನಮ್ಮ ಕೋಲಾರ ನೆನಪಾಗುತ್ತದೆ. ಕೆಜಿಎಫ್‌ನಲ್ಲಿ ಚಿನ್ನ ಇದ್ದದ್ದು ಆಳದ ಬಂಡೆಯೊಳಗೆ, ಗಣಿ ಇದ್ದದ್ದು ಕಂಪನಿಯ ಕೈಯಲ್ಲಿ. ಇಳಿದು ದುಡಿದವರ ಜೇಬಿಗೆ ಗಟ್ಟಿ ಬರುವ ಮಾತೇ ಇರಲಿಲ್ಲ. ಅಗೆದವನೇ ತನ್ನ ಚಿನ್ನದಲ್ಲಿ ಆಭರಣ ಮಾಡಿಸಿಕೊಳ್ಳುವ ಬಲ್ಲರಾಟ್‌ನ ವಾಡಿಕೆ ಅಲ್ಲಿ ಬೆಳೆಯಲು ಜಾಗವೇ ಇರಲಿಲ್ಲ.

ಮೊದಲ ಅಲೆಯ ಬ್ರೋಚ್‌ಗಳು ದೊಡ್ಡವು, ಮೆರೆಯುವಂಥವು. ನಡುವೆ ಗಣಿಗಾರನ ಪುಟ್ಟ ಬೊಂಬೆ, ಪಕ್ಕದಲ್ಲಿ ರಾಟೆ, ಬಕೆಟ್, ಪಿಕಾಸಿ, ಸಲಿಕೆ, ಮಣ್ಣು ತೊಳೆಯುವ ತೊಟ್ಟಿಲು, ಸುತ್ತ ಎಲೆಬಳ್ಳಿಯ ಚೌಕಟ್ಟು. ಸಿಡ್ನಿಯ ಹೋಗಾರ್ತ್, ಎರಿಕ್ಸನ್ ಕಂಪನಿಯವರು 1850ರ ದಶಕದಲ್ಲಿ ಕಾಂಗರೂ, ಎಮು, ಜರೀಗಿಡ, ಅಲ್ಲಿನ ಕಾಡುಹೂಗಳನ್ನೆಲ್ಲ ಚಿನ್ನದಲ್ಲಿ ಕೂರಿಸಿದರು. ಕ್ಯಾಸಲ್‌ಮೇನ್‌ನಲ್ಲಿ ಹಂಗೇರಿಯಿಂದ ಬಂದ ಅರ್ನೆಸ್ಟ್ ಲೆವಿನಿ, ಅಡಿಲೇಡ್‌ನಲ್ಲಿ ವೆಂಟ್ ಮತ್ತು ಹೆನ್ರಿ ಸ್ಟೈನರ್, ಜೀಲಾಂಗ್ ಮತ್ತು ಮೆಲ್ಬರ್ನಿನಲ್ಲಿ ಎಡ್ವರ್ಡ್ ಫಿಷರ್. ಹೆಸರು ನೋಡಿದರೆ ಗೊತ್ತಾಗುತ್ತದೆ, ಇವರಲ್ಲಿ ಹಲವರು ಯುರೋಪಿನ ಬೇರೆ ಬೇರೆ ದೇಶಗಳಲ್ಲಿ ಕೆಲಸ ಕಲಿತು ಬಂದವರು. ಲೆವಿನಿಯ 'ಬುಡಾ' ಮನೆ ಕ್ಯಾಸಲ್‌ಮೇನ್‌ನಲ್ಲಿ ಈಗಲೂ ಇದೆ. ಒಳಗೆ ಹೋಗಿ ನೋಡಬಹುದು.

ಈ ಬಗೆಯನ್ನು ಕೊಳ್ಳಬೇಕಾ? ಹಣ ಧಾರಾಳವಾಗಿದ್ದು, ದೊಡ್ಡ ಹರಾಜು ಮನೆಯಲ್ಲಿ, ಹಿಂದಿನ ಒಡೆಯರ ವಿವರ ಸಮೇತ ಸಿಕ್ಕರೆ ಮಾತ್ರ. ಇವು ಬಹಳ ಅಪರೂಪ, ಒಳ್ಳೆಯವು ಆಗಲೇ ಸಿಡ್ನಿಯ ಪವರ್‌ಹೌಸ್‌ನಂಥ ಮ್ಯೂಸಿಯಂ ಸೇರಿವೆ. ಬೆಲೆ ಏರಿದ ಕಾರಣಕ್ಕೇ ನಕಲಿನ ಕಾಟವೂ ಇಲ್ಲಿ ಹೆಚ್ಚು. ಮುದ್ರೆ ನೋಡಿ ತೀರ್ಮಾನಿಸೋಣ ಅಂದರೆ ಅದೂ ಕಷ್ಟ. ಆಸ್ಟ್ರೇಲಿಯದಲ್ಲಿ ಬ್ರಿಟನ್ನಿನ ಹಾಗೆ ಹಾಲ್‌ಮಾರ್ಕ್ ಕಡ್ಡಾಯ ಇರಲಿಲ್ಲ. ಕೆಲವರು ತಮ್ಮ ಹೆಸರು ಒತ್ತಿದರು, ಕೆಲವರು ಕಾಂಗರೂ, ಎಮುವಿನ ಗುರುತು ಒತ್ತಿದರು, ತುಂಬ ಜನ ಏನೂ ಒತ್ತಲಿಲ್ಲ.

ಇನ್ನೊಂದು ಮಾತು ಹೇಳದೆ ಮುಂದೆ ಹೋಗಲು ಮನಸ್ಸು ಬರುವುದಿಲ್ಲ. ಬಲ್ಲರಾಟ್ ವಾದವರುಂಗ್ ಜನರ ನೆಲ. ಬೆಂಡಿಗೊ, ಕ್ಯಾಸಲ್‌ಮೇನ್ ಜಾ ಜಾ ವುರುಂಗ್ ಜನರ ನೆಲ. ಈ ಬ್ರೋಚ್‌ಗಳಲ್ಲಿ ಕೆಲವೊಮ್ಮೆ ಮೂಲನಿವಾಸಿಗಳ ಬೊಂಬೆಗಳೂ ಇರುತ್ತವೆ, ಅಲಂಕಾರಕ್ಕೆ. ಯಾರ ತೊರೆಗಳನ್ನು ಅಗೆದು ಕೆಡವಿ ಈ ಚಿನ್ನ ತೆಗೆದರೋ ಅವರೇ ಆಭರಣದ ಚಿತ್ತಾರವಾದರು. ಕೊಳ್ಳುವವರು ಇದನ್ನು ತಿಳಿದೇ ಕೊಳ್ಳಬೇಕು ಅನ್ನುವುದು ನನ್ನ ಅಭಿಪ್ರಾಯ.

ಎರಡನೆಯ ಅಲೆ: ಪಶ್ಚಿಮ ಆಸ್ಟ್ರೇಲಿಯ, 1890ರ ದಶಕ

ಮೊದಲ ಸಲ ಕೊಳ್ಳುವವರಿಗೆ ನಾನು ಕಣ್ಣು ಮುಚ್ಚಿ ಹೇಳುವುದು ಇದನ್ನೇ.

1892ರಲ್ಲಿ ಆರ್ಥರ್ ಬೇಲಿ, ವಿಲಿಯಂ ಫೋರ್ಡ್ ಕೂಲ್‌ಗಾರ್ಡಿಯಲ್ಲಿ ಚಿನ್ನ ಕಂಡರು. 1893ರಲ್ಲಿ ಪ್ಯಾಡಿ ಹ್ಯಾನನ್ ಮತ್ತು ಜೊತೆಗಾರರು ಕಲ್‌ಗೂರ್ಲಿಯಲ್ಲಿ ಕಂಡರು. ಅದೇ ವರ್ಷ ಮೆಲ್ಬರ್ನಿನಲ್ಲಿ ಬ್ಯಾಂಕುಗಳು ಮುಳುಗಿದ್ದವು. ಕೆಲಸ ಕಳೆದುಕೊಂಡವರು ಹಡಗು ಹತ್ತಿ ಪಶ್ಚಿಮಕ್ಕೆ ಹೊರಟರು. ಅಲ್ಲಿ ನೀರಿಲ್ಲ. ಬಲ್ಲರಾಟ್‌ನಲ್ಲಿ ತೊರೆ ಇತ್ತು, ತೊಟ್ಟಿಲಲ್ಲಿ ಮಣ್ಣು ತೊಳೆದರು. ಇಲ್ಲಿ ಒಣ ಮಣ್ಣನ್ನು ಗಾಳಿಗೆ ತೂರಿ ಚಿನ್ನ ಬೇರ್ಪಡಿಸಬೇಕಿತ್ತು, ನಮ್ಮ ಕಣದಲ್ಲಿ ರಾಗಿ ತೂರುವ ಹಾಗೆ. ಪರ್ತ್ ಕಡೆಯಿಂದ ಕೊಳವೆಯಲ್ಲಿ ನೀರು ಬಂದದ್ದು 1903ರಲ್ಲಿ.

ಅಂಥ ಊರಿಂದ ಮನೆಗೆ ಕಳಿಸಿದ ಬ್ರೋಚ್‌ಗಳು ಚಿಕ್ಕವು, ಹಗುರ. ಸಾಮಾನ್ಯವಾಗಿ ಒಂದು ಉದ್ದ ಪಟ್ಟಿ, ಅದರ ಮೇಲೆ ಅಡ್ಡಡ್ಡವಾಗಿ ಇಟ್ಟ ಪಿಕಾಸಿ ಮತ್ತು ಸಲಿಕೆ, ನಡುವೆ ಸಣ್ಣ ರಾಟೆ, ಸರಪಳಿಯಲ್ಲಿ ತೂಗುವ ಬಕೆಟ್, ಅಲ್ಲಲ್ಲಿ ಬೆಸೆದ ಒಂದೋ ಎರಡೋ ನಿಜವಾದ ಚಿನ್ನದ ಗಟ್ಟಿ. ಎಷ್ಟೋ ಬ್ರೋಚ್‌ಗಳ ಮೇಲೆ ಊರಿನ ಹೆಸರೇ ಇರುತ್ತದೆ. 'ಕೂಲ್‌ಗಾರ್ಡಿ', 'ಕಲ್‌ಗೂರ್ಲಿ', ಅಥವಾ ಇಡೀ ನಾಡಿಗೆ ಸೇರಿಸಿ 'ವೆಸ್ಟ್ರೇಲಿಯ'. ಹುಟ್ಟಿದ ಊರು ಆಭರಣದ ಮೇಲೇ ಇರಬೇಕು ಎಂದೆನಲ್ಲ, ಅದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದಿಲ್ಲ.

ಮಾಡಿದವರ ಹೆಸರೂ ಇಲ್ಲಿ ಸಿಗುವ ಸಾಧ್ಯತೆ ಜಾಸ್ತಿ. ಪರ್ತ್‌ನ ಲೆವಿನ್ಸನ್ ಆ್ಯಂಡ್ ಸನ್ಸ್, ಡೊನೊವನ್ ಆ್ಯಂಡ್ ಓವರ್‌ಲ್ಯಾಂಡ್, ಚಿನ್ನದ ಊರುಗಳಲ್ಲೇ ಕೆಲಸ ಮಾಡಿದ ಜಿ. ಆರ್. ಆ್ಯಡಿಸ್, ಮ್ಯಾಝುಕೆಲ್ಲಿ, ಕ್ಯಾರಿಸ್ ಬ್ರದರ್ಸ್. ಈ ಹೆಸರುಗಳಲ್ಲಿ ಒಂದು ಹಿಂಬದಿಯಲ್ಲಿ ಸ್ಪಷ್ಟವಾಗಿ ಕಂಡರೆ ಅದೇ ನಮೂನೆಯ ಹೆಸರಿಲ್ಲದ ಬ್ರೋಚಿಗಿಂತ ಬೆಲೆ ಏರುತ್ತದೆ. ಏರಿದ ಬೆಲೆ ಕೊಡುವುದು ವ್ಯರ್ಥವಲ್ಲ.

ಒಂದು ಎಚ್ಚರಿಕೆ. ಲಂಗರಿನ ಗುರುತು ಕಂಡರೆ ಅದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಪರೀಕ್ಷೆಯಾದ ಚಿನ್ನ. ವಸಾಹತುಗಳಲ್ಲಿ ಮಾರಲು ಅಲ್ಲಿನ ಕಾರ್ಖಾನೆಗಳು ಆಭರಣ ಮಾಡಿ ಹಡಗಿಗೆ ಹಾಕುತ್ತಿದ್ದವು. ಅದು ಹಳೆಯದೇ ಹೌದು, ಮೋಸವೂ ಅಲ್ಲ. ಆದರೆ ಕೂಲ್‌ಗಾರ್ಡಿಯ ಚಿನ್ನದಲ್ಲಿ, ಅಲ್ಲಿನ ಅಕ್ಕಸಾಲಿಯ ಕೈಯಲ್ಲಿ ಆದದ್ದು ಅನ್ನುವ ಬೆಲೆ ಅದಕ್ಕೆ ಕೊಡಬೇಡಿ.

ನಕಲಿ ಹಿಡಿಯುವ ದಾರಿ

ಪಶ್ಚಿಮದ್ದಾಗಲಿ ಪೂರ್ವದ್ದಾಗಲಿ, ಗಟ್ಟಿ ಕೂರಿಸಿದ ಬ್ರೋಚ್ ಪರೀಕ್ಷಿಸಲು ಒಂದು ಒಳ್ಳೆಯ ಉಪಾಯವಿದೆ. ಈಗ ಬಹಳ ಅಂಗಡಿಗಳಲ್ಲಿ ಕ್ಯಾರೆಟ್ ಮೀಟರ್ ಇರುತ್ತದೆ. ಅದು ಎಕ್ಸ್‌ರೇ ಬಿಟ್ಟು ಚಿನ್ನದಲ್ಲಿ ಏನೇನು ಬೆರೆತಿದೆ ಅಂತ ಹೇಳುವ ಯಂತ್ರ. ವಸ್ತುವಿಗೆ ಗೀರು ಕೂಡ ಬೀಳುವುದಿಲ್ಲ. ಬ್ರೋಚನ್ನು ಒಂದೇ ಕಡೆ ಇಟ್ಟು ನೋಡಿ ಸುಮ್ನಾಗಬೇಡಿ. ಪಟ್ಟಿಯನ್ನು ಬೇರೆ, ಗಟ್ಟಿಯನ್ನು ಬೇರೆ ಪರೀಕ್ಷಿಸಲು ಹೇಳಿ.

ನೆಲದಿಂದ ಎತ್ತಿದ ಗಟ್ಟಿಯಲ್ಲಿ ಚಿನ್ನದ ಜೊತೆ ಇರುವುದು ಹೆಚ್ಚಾಗಿ ಬೆಳ್ಳಿ, ಮತ್ತು ಅದರ ಶುದ್ಧತೆ ಪಟ್ಟಿಗಿಂತ ಬಹಳ ಮೇಲಿರುತ್ತದೆ. ವಿಕ್ಟೋರಿಯದ ಗಟ್ಟಿಗಳಂತೂ ಶುದ್ಧತೆಗೆ ಹೆಸರಾದವು. ಪಟ್ಟಿ 9 ಅಥವಾ 15 ಕ್ಯಾರೆಟ್, ತಾಮ್ರವೂ ಬೆರೆತಿರುತ್ತದೆ. ಅಂದರೆ ಎರಡು ಕಡೆ ಎರಡು ಲೆಕ್ಕ ಬರಬೇಕು. ಹಳೆಯ ಬ್ರೋಚಿನಿಂದ ಅಚ್ಚು ತೆಗೆದು ಇಡಿಯಾಗಿ ಎರಕ ಹೊಯ್ದ ನಕಲಿನಲ್ಲಿ ಪಟ್ಟಿ, ಪಿಕಾಸಿ, 'ಗಟ್ಟಿ' ಎಲ್ಲ ಕಡೆಯೂ ಒಂದೇ ಲೆಕ್ಕ ಬರುತ್ತದೆ. ಯಂತ್ರ ಮೇಲ್ಮೈಯನ್ನಷ್ಟೇ ಓದುತ್ತದೆ ಅನ್ನುವುದು ನೆನಪಿರಲಿ. ಮೇಲೆ ಚಿನ್ನದ ಲೇಪ ಕೊಟ್ಟಿದ್ದರೆ ದಾರಿ ತಪ್ಪಬಹುದು. ಹಾಗಾಗಿ ಕಣ್ಣಿನ ಪರೀಕ್ಷೆಯೂ ಬೇಕು.

ಭೂತಗನ್ನಡಿ ಹಿಡಿದು ಹಿಂಬದಿಯಿಂದ ಶುರು ಮಾಡಿ. ಮುಂದಿನ ಭಾಗ ಎಲ್ಲರೂ ನೋಡುತ್ತಾರೆ, ನಿಜ ಇರುವುದು ಹಿಂದೆ. ಹಳೆಯ ಕೆಲಸದಲ್ಲಿ ಪಿಕಾಸಿ ಬೇರೆ, ಸಲಿಕೆ ಬೇರೆ, ಬಕೆಟ್ ಬೇರೆ ಮಾಡಿ ಒಂದೊಂದಾಗಿ ಬೆಸೆದಿರುತ್ತಾರೆ. ಸಂದುಗಳಲ್ಲಿ ಬೆಸುಗೆಯ ಗೆರೆ ಕಾಣುತ್ತದೆ. ಅಂಚುಗಳು ಚೂಪು. ಎರಕದಲ್ಲಿ ಅಂಚು ಮೊಂಡಾಗಿ, ಸಂದುಗಳು ಒಂದಕ್ಕೊಂದು ಕರಗಿದ ಹಾಗೆ, ಮೂಲೆಗಳಲ್ಲಿ ಸೂಜಿಮೊನೆಯಷ್ಟು ಸಣ್ಣ ಗುಳಿಗಳಿರುತ್ತವೆ. ಅಕ್ಷರಗಳನ್ನೂ ನೋಡಿ. ಬೇರೆಲ್ಲ ಭಾಗ ಸವೆದು ಊರಿನ ಹೆಸರು ಮಾತ್ರ ಹೊಸದಾಗಿ ಕೆತ್ತಿದ ಹಾಗಿದ್ದರೆ ಅನುಮಾನ ಪಡಲೇಬೇಕು.

ಪಿನ್ನು ಮತ್ತು ಕೊಂಡಿಯೂ ಕಾಲ ಹೇಳುತ್ತವೆ. 19ನೇ ಶತಮಾನದ ಬ್ರೋಚಿನಲ್ಲಿ ಸಾಮಾನ್ಯವಾಗಿ ಇಂಗ್ಲಿಷಿನ 'ಸಿ' ಅಕ್ಷರದ ಆಕಾರದ ಸಾದಾ ಕೊಂಡಿ ಇರುತ್ತದೆ, ಬೀಗದ ವ್ಯವಸ್ಥೆ ಇಲ್ಲ. ಪಿನ್ನಿನ ತುದಿ ಎಷ್ಟೋ ಸಲ ಬ್ರೋಚಿನ ಅಂಚು ದಾಟಿ ಹೊರಗೆ ಬಂದಿರುತ್ತದೆ. ತಿರುಗಿಸಿ ಭದ್ರ ಮಾಡುವ ಕೊಂಡಿ ಬಳಕೆಗೆ ಬಂದದ್ದು 20ನೇ ಶತಮಾನದಲ್ಲಿ. ಹಾಗಂತ ಅಂಥ ಕೊಂಡಿ ಕಂಡ ಕೂಡಲೆ ನಕಲಿ ಅನ್ನಬೇಡಿ. ಮುರಿದ ಕೊಂಡಿ ಆಮೇಲೆ ಬದಲಾಯಿಸಿರಬಹುದು. ಆಗ ಸುತ್ತ ಹೊಸ ಬೆಸುಗೆಯ ಗುರುತು ಸಿಗುತ್ತದೆ. ಬೂದು ಬಣ್ಣದ ಸೀಸದ ಬೆಸುಗೆ ಇದ್ದರೆ ಮಾತ್ರ ಬೆಲೆ ಇಳಿಸಿ ಕೇಳಿ. ಅದನ್ನು ತೆಗೆಯುವುದು ಅಕ್ಕಸಾಲಿಗೂ ತಲೆನೋವು.

ಕ್ಯಾರೆಟ್ ಮುದ್ರೆಯನ್ನು ನಾವು ಶುದ್ಧತೆಗಾಗಿ ನೋಡುತ್ತೇವೆ. ಇಲ್ಲಿ ಅದು ಕಾಲಕ್ಕೂ ಸಾಕ್ಷಿ. ಬ್ರಿಟನ್ 9, 12, 15 ಕ್ಯಾರೆಟ್‌ಗಳಿಗೆ ಒಪ್ಪಿಗೆ ಕೊಟ್ಟದ್ದು 1854ರಲ್ಲಿ. 12 ಮತ್ತು 15ನ್ನು 1932ರಲ್ಲಿ ಕೈಬಿಟ್ಟು 14 ತಂದರು. ಆಸ್ಟ್ರೇಲಿಯದ ಅಕ್ಕಸಾಲಿಗಳೂ ಹೆಚ್ಚುಕಡಿಮೆ ಬ್ರಿಟನ್ನಿನ ದಾರಿಯಲ್ಲೇ ನಡೆದರು. ಹಾಗಾಗಿ '15 ಕ್ಯಾರೆಟ್' ಅನ್ನುವ ಮುದ್ರೆ ಕಂಡರೆ ನನಗೆ ಸಮಾಧಾನ. ನಮ್ಮ 22 ಕ್ಯಾರೆಟ್ ಕಣ್ಣಿಗೆ ಶೇಕಡಾ 62.5 ಚಿನ್ನ ಕಡಿಮೆ ಅನ್ನಿಸಬಹುದು. 9 ಕ್ಯಾರೆಟ್ ಅಂದರೆ ಶೇಕಡಾ 37.5, ಅದನ್ನಂತೂ ಚಿನ್ನ ಅಂತಲೇ ನಮ್ಮವರು ಒಪ್ಪುವುದಿಲ್ಲ. ಆದರೆ ಪಿನ್ನು, ಸಲಿಕೆಯ ಹಿಡಿ, ಕೂದಲೆಳೆಯಂಥ ಸರಪಳಿ ಇವೆಲ್ಲ ನೂರು ವರ್ಷ ಬಾಗದೆ ಉಳಿಯಲು ಆ ಗಡಸುತನವೇ ಕಾರಣ. ಅಮೆರಿಕದ್ದಾದರೆ ಮುದ್ರೆಯಲ್ಲಿ ಅಂಕಿಯ ಜೊತೆ 'ಕೆ' ಅಕ್ಷರ ಇರುತ್ತದೆ, ಬ್ರಿಟನ್ ಮತ್ತು ಆಸ್ಟ್ರೇಲಿಯದ್ದರಲ್ಲಿ 'ಸಿ', 'ಟಿ' ಅನ್ನುವ ಎರಡು ಅಕ್ಷರ. ಬಲ್ಲರಾಟ್ ಬ್ರೋಚ್ ಅಂತ ಮಾರುವುದರ ಹಿಂದೆ 'ಕೆ' ಕಂಡರೆ ಎರಡನೇ ಸಲ ಯೋಚಿಸಿ.

ನ್ಯೂಜಿಲೆಂಡಿನ ಹಸಿರು ಕಲ್ಲು

1861ರಲ್ಲಿ ಗೇಬ್ರಿಯಲ್ ರೀಡ್ ಒಟಾಗೊ ಪ್ರಾಂತ್ಯದಲ್ಲಿ ಚಿನ್ನ ಕಂಡ ಮೇಲೆ ಡನೀಡನ್ ಶ್ರೀಮಂತ ಊರಾಯಿತು. ಅಲ್ಲಿನ ಅಕ್ಕಸಾಲಿಗಳು ಚಿನ್ನದ ಜೊತೆ ಪೌನಾಮು ಎಂಬ ಹಸಿರು ಕಲ್ಲನ್ನು ಸೇರಿಸಿದರು. ಜಿ ಆ್ಯಂಡ್ ಟಿ ಯಂಗ್, ಫ್ರಾಂಕ್ ಹೈಮ್ಸ್ ಅಲ್ಲಿನ ಹೆಸರಾಂತ ಅಂಗಡಿಗಳು. ನಮ್ಮ ಕೆಜಿಎಫ್ ಕತೆಗೂ ನ್ಯೂಜಿಲೆಂಡಿಗೂ ಒಂದು ಎಳೆ ಇದೆ. 1870ರ ದಶಕದಲ್ಲಿ ಕೋಲಾರದಲ್ಲಿ ಚಿನ್ನ ಹುಡುಕಲು ಮೈಸೂರು ಸರ್ಕಾರದ ಅನುಮತಿ ಪಡೆದ ಐರಿಷ್ ಸೈನಿಕ ಮೈಕೆಲ್ ಲವೆಲ್ ಅಲ್ಲಿನ ಮೂಲನಿವಾಸಿಗಳಾದ ಮಾವೊರಿಗಳೊಂದಿಗಿನ ಯುದ್ಧ ಮುಗಿಸಿ ಬೆಂಗಳೂರಿಗೆ ಬಂದವನು. ಲವೆಲ್ ರಸ್ತೆ ಅವನ ಹೆಸರಿನದೇ.

ಐದು ಬಗೆಗಳಲ್ಲಿ ದಿನಾ ಹಾಕಿಕೊಳ್ಳಲು ಹೆಚ್ಚು ಒಗ್ಗುವುದು ಇದು. ಕಲ್ಲು ನೆಫ್ರೈಟ್ ಜಾತಿಯದ್ದು, ಗೀರು ಬೀಳಬಹುದು, ಆದರೆ ಸುಲಭಕ್ಕೆ ಒಡೆಯುವುದಿಲ್ಲ. 9 ಕ್ಯಾರೆಟ್ ತುದಿಕಟ್ಟು ಇರುವ ಸಾದಾ ಬಾರ್ ಬ್ರೋಚ್ (ಉದ್ದ ಪಟ್ಟಿಯಂಥ ಬ್ರೋಚ್) ಈ ಐದರಲ್ಲೇ ಕಡಿಮೆ ಬೆಲೆಯದ್ದು. ಆದರೆ ಹುಟ್ಟಿದ ಊರಿನ ಪ್ರಶ್ನೆ ಇಲ್ಲಿ ಸ್ವಲ್ಪ ಸಿಕ್ಕುಸಿಕ್ಕು. ಬಹಳಷ್ಟು ಪೌನಾಮು ಜರ್ಮನಿಯ ಇಡಾರ್-ಒಬರ್‌ಸ್ಟೈನ್‌ಗೆ ಹೋಗಿ ಅಲ್ಲಿ ಕೆತ್ತನೆಯಾಗಿ ವಾಪಸ್ ಬಂದಿದೆ. ಆದ್ದರಿಂದ ಕಲ್ಲು ನ್ಯೂಜಿಲೆಂಡಿನದು ಅಂದ ಮಾತ್ರಕ್ಕೆ ಕೆಲಸವೂ ಅಲ್ಲಿನದು ಅಂತ ಹೇಳಲಾಗದು. ಚಿನ್ನದ ಮೇಲೆ ಡನೀಡನ್ ಅಂಗಡಿಯ ಹೆಸರು ಇರುವುದನ್ನೇ ಹುಡುಕಿ. ಹಸಿರು ಗಾಜಿನ ನಕಲೂ ಇದೆ. ಬೆಳಕಿಗೆ ಹಿಡಿದರೆ ಗಾಜಿನಲ್ಲಿ ಗುಂಡನೆಯ ಗುಳ್ಳೆ ಕಾಣುತ್ತದೆ. ಪೌನಾಮುವಿನಲ್ಲಿ ಮೋಡದಂಥ ಎಳೆ, ಕಪ್ಪು ಚುಕ್ಕಿ ಕಾಣುತ್ತವೆ.

ಮಾವೊರಿಗಳಿಗೆ ಈ ಕಲ್ಲು ಪೂರ್ವಿಕರ ಆಸ್ತಿ. 1997ರ ಕಾನೂನಿನಲ್ಲಿ ದಕ್ಷಿಣ ದ್ವೀಪದ ಪೌನಾಮುವಿನ ಒಡೆತನ ನೈ ತಾಹು ಬುಡಕಟ್ಟಿಗೆ ಮರಳಿತು. ಅಕ್ಕಸಾಲಿ ಅಂಗಡಿಯ ಬಾರ್ ಬ್ರೋಚ್ ಕೊಳ್ಳುವುದಕ್ಕೂ ಮಾವೊರಿಗಳೇ ಕೆತ್ತಿ ಧರಿಸಿದ ಹಳೆಯ ಪದಕ ಕೊಳ್ಳುವುದಕ್ಕೂ ಬಹಳ ವ್ಯತ್ಯಾಸವಿದೆ. ಎರಡನೆಯದಕ್ಕೆ ಕೈ ಹಾಕಬೇಡಿ ಅಂತಲೇ ಹೇಳುತ್ತೇನೆ.

ಕ್ಯಾಲಿಫೋರ್ನಿಯದ ಚಿನ್ನದೆಳೆಯ ಬೆಣಚು

ಇದು ಬ್ರಿಟಿಷ್ ವಸಾಹತು ಅಲ್ಲ. ಆದರೂ ಹರಾಜಿನ ಪಟ್ಟಿಗಳಲ್ಲಿ ಅಕ್ಕಪಕ್ಕ ಬರುವುದರಿಂದ ಹೋಲಿಸದೆ ಇರಲಾಗದು. 1848ರ ಜನವರಿ 24ರಂದು ಕೊಲೋಮದಲ್ಲಿ ಜೇಮ್ಸ್ ಮಾರ್ಷಲ್ ಚಿನ್ನ ಕಂಡ ಮೇಲೆ ಬೆಳೆದ ಸ್ಯಾನ್ ಫ್ರಾನ್ಸಿಸ್ಕೊ ಊರಿನ ಅಕ್ಕಸಾಲಿಗಳು ಬಿಳಿ ಬೆಣಚುಕಲ್ಲನ್ನು ಅದರೊಳಗಿನ ಚಿನ್ನದ ಎಳೆಗಳ ಸಮೇತ ತೆಳ್ಳಗೆ ಕೊಯ್ದು, ಹೊಳಪು ಕೊಟ್ಟು, ಗಡಿಯಾರದ ಸರಪಳಿಗೂ ಉಂಗುರಕ್ಕೂ ಕೂರಿಸಿದರು. 1852ರಲ್ಲಿ ಶುರುವಾದ ಶ್ರೀವ್ ಕಂಪನಿ ಅಲ್ಲಿನ ದೊಡ್ಡ ಹೆಸರು.

ನೋಡಲು ಐದರಲ್ಲಿ ಇದೇ ಚೆಂದ. ಭೂಮಿಯಲ್ಲಿ ಚಿನ್ನ ಹೇಗೆ ಕೂತಿತ್ತೋ ಹಾಗೇ ಬೆರಳ ಮೇಲೆ ಕೂರುತ್ತದೆ. ಆದರೆ ಮುದ್ರೆಯ ಆಧಾರ ಇಲ್ಲಿ ಇನ್ನೂ ಕಡಿಮೆ. ಅಮೆರಿಕದಲ್ಲಿ ಚಿನ್ನದ ಮುದ್ರೆಗೆ ರಾಷ್ಟ್ರಮಟ್ಟದ ಕಾನೂನು ಬಂದದ್ದೇ 1906ರಲ್ಲಿ. ನಕಲಿನಲ್ಲಿ ಬಿಳಿ ಕಲ್ಲಿನ ಮೇಲೆ ಚಿನ್ನದ ಬಣ್ಣ ಬಳಿದಿರುತ್ತಾರೆ, ಇಲ್ಲವೇ ಪುಡಿಯನ್ನು ಅಂಟಿನಲ್ಲಿ ಕಲಸಿ ಅಚ್ಚು ಹಾಕಿರುತ್ತಾರೆ. ನಿಜವಾದದ್ದರಲ್ಲಿ ಎಳೆ ಕಲ್ಲಿನ ಒಳಕ್ಕೆ ಇಳಿದಿರುತ್ತದೆ, ಅಂಚಿನಲ್ಲೂ ಕಾಣುತ್ತದೆ, ದಪ್ಪ ಒಂದೇ ಸಮ ಇರುವುದಿಲ್ಲ. ಕಲ್ಲು ಬಿರುಕು ಬಿಟ್ಟಿದ್ದರೆ ಬಿಟ್ಟುಬಿಡಿ, ಬೆಸುಗೆಯ ಬಿಸಿ ತಾಗಿದರೆ ಬಿರುಕು ಇನ್ನೂ ಬೆಳೆಯುತ್ತದೆ.

ನಾಣ್ಯದ ಆಭರಣ

1886ರಲ್ಲಿ ಜೊಹಾನ್ಸ್‌ಬರ್ಗ್ ಸುತ್ತ ಚಿನ್ನ ಸಿಕ್ಕ ಮೇಲೆ ಪೌಲ್ ಕ್ರೂಗರ್ ಅಧ್ಯಕ್ಷನಾಗಿದ್ದ ಟ್ರಾನ್ಸ್‌ವಾಲ್ ಗಣರಾಜ್ಯ ತನ್ನದೇ ಚಿನ್ನದ 'ಪಾಂಡ್' ನಾಣ್ಯ ಹೊರಡಿಸಿತು. 1892ರ ಮೊದಲ ನಾಣ್ಯಗಳ ಅಚ್ಚು ಬರ್ಲಿನ್‌ನಲ್ಲಿ ಆಯಿತು. ಅಲ್ಲಿ ನಾಣ್ಯದ ಮೇಲಿನ ಬಂಡಿಯ ಚಿತ್ರಕ್ಕೆ ತಪ್ಪಾಗಿ ಒಂದು ಮೂಕಿಯ ಬದಲು ಎರಡು ಕೆತ್ತಿದರು, ಕೆತ್ತಿದವನ ಹೆಸರಿನ ಮೊದಲಕ್ಷರಗಳಾದ 'ಒ', 'ಎಸ್' ಕ್ರೂಗರನ ಭುಜದ ಮೇಲೆ ಅಲ್ಲಿನ ಜನರ ಭಾಷೆಯಲ್ಲಿ 'ಎತ್ತು' ಅಂತ ಓದಿಸಿಕೊಂಡವು. 1899ರಿಂದ 1902ರ ಬೋಯರ್ ಯುದ್ಧದ ಸೈನಿಕರು ಕ್ರೂಗರ್ ನಾಣ್ಯದ ಬ್ರೋಚ್‌ಗಳನ್ನು ನೆನಪಿಗಾಗಿ ಮನೆಗೆ ಒಯ್ದರು.

ಸವರನ್, ಅಂದರೆ ಬ್ರಿಟಿಷರ ಚಿನ್ನದ ನಾಣ್ಯದ ಆಭರಣವೂ ಇದೇ ಗುಂಪು. ನಮ್ಮವರು ಪವನು ಅನ್ನುವುದು ಇದನ್ನೇ. ಸಿಡ್ನಿ ಟಂಕಸಾಲೆ 1855ರಲ್ಲಿ, ಮೆಲ್ಬರ್ನಿನದು 1872ರಲ್ಲಿ, ಪರ್ತ್‌ನದು 1899ರಲ್ಲಿ ಶುರುವಾಯಿತು. ಕರಾವಳಿಯ ಮನೆಗಳಲ್ಲಿ ಅಜ್ಜಿಯ ಪವನಿನ ಸರ ಇದ್ದರೆ ಒಮ್ಮೆ ಭೂತಗನ್ನಡಿ ಹಿಡಿದು ನೋಡಿ. ನಾಣ್ಯದ ಮೇಲೆ ತುಂಬ ಚಿಕ್ಕದಾಗಿ ಎಸ್, ಎಂ ಅಥವಾ ಪಿ ಅಕ್ಷರ ಇದ್ದರೆ ಅದು ಕ್ರಮವಾಗಿ ಸಿಡ್ನಿ, ಮೆಲ್ಬರ್ನ್, ಪರ್ತ್‌ನಲ್ಲಿ ಒತ್ತಿದ್ದು. ಹೊಸದಾಗಿ ಏನೂ ಕೊಳ್ಳದೆ ಚಿನ್ನದ ಬೇಟೆಯ ಕಾಲದ ಚೂರು ನಿಮ್ಮ ಪೆಟ್ಟಿಗೆಯಲ್ಲೇ ಇರಬಹುದು.

ಗ್ರಾಂ, ಕ್ಯಾರೆಟ್ ಬಿಡಲು ಮನಸ್ಸಾಗದವರಿಗೆ ನಾಣ್ಯವೇ ಸರಿ. 22 ಕ್ಯಾರೆಟ್, ಸುಮಾರು 8 ಗ್ರಾಂ, ಒಳಗಿನ ಚಿನ್ನದ ಬೆಲೆಯಂತೂ ಉಳಿಯುತ್ತದೆ. ಒಂದೇ ನಿಯಮ: ನಾಣ್ಯವನ್ನು ಚೌಕಟ್ಟಿನಲ್ಲಿ ಕೂರಿಸಿದ್ದಾದರೆ ಕೊಳ್ಳಿ, ಕೊಕ್ಕೆ ನೇರವಾಗಿ ಬೆಸೆದಿದ್ದರೆ ಚಿನ್ನದ ಬೆಲೆಗಿಂತ ಜಾಸ್ತಿ ಕೊಡಬೇಡಿ. ಬೆಸುಗೆ ಬಿದ್ದ ನಾಣ್ಯಕ್ಕೆ ಸಂಗ್ರಹಕಾರರ ಬೆಲೆ ಸಿಗುವುದಿಲ್ಲ.

ಕೊಂಡ ಮೇಲೆ

ಸೀರೆಯ ಸೆರಗಿಗೆ ಚುಚ್ಚುವ ಆಸೆ ಇದ್ದರೆ ಸ್ವಲ್ಪ ತಡೆಯಿರಿ. ಆ ಕಾಲದ ಪಿನ್ನು ದಪ್ಪ. ಅದು ಉಣ್ಣೆಯ ಕೋಟಿಗೆ, ಶಾಲಿಗೆ ಮಾಡಿದ್ದು. ಮೈಸೂರು ಸಿಲ್ಕಿಗೆ ಚುಚ್ಚಿದರೆ ತೂತು ಉಳಿಯುತ್ತದೆ. ಬೀಗವಿಲ್ಲದ ಕೊಂಡಿಯಿಂದ ಬ್ರೋಚ್ ಜಾರಿ ಬೀಳುವ ಭಯವೂ ಇದೆ. ದಪ್ಪ ಕಾಟನ್ ಸೀರೆ, ಶಾಲು, ಕೋಟು ಆದೀತು. ಜೊತೆಗೆ ಒಂದು ಸಣ್ಣ ಭದ್ರತಾ ಸರಪಳಿ ಹಾಕಿಸಿ. ಪದಕ ಮಾಡಿಕೊಳ್ಳೋಣ ಅಂತ ಹಿಂದೆ ಕೊಕ್ಕೆ ಬೆಸೆಸಬೇಡಿ, ಹಳೆಯ ಬೆಸುಗೆ ಬಿಟ್ಟುಕೊಳ್ಳುತ್ತದೆ. ಪಿನ್ನಿಗೆ ಸಿಕ್ಕಿಸುವ ಬಿಚ್ಚಬಹುದಾದ ಕೊಕ್ಕೆ ಮಾರುಕಟ್ಟೆಯಲ್ಲಿ ಸಿಗುತ್ತದೆ.

ಅಂಗಡಿಗೆ ಪಾಲಿಷ್‌ಗೆ ಕೊಡುವ ಅಭ್ಯಾಸ ಇದಕ್ಕೆ ಬೇಡವೇ ಬೇಡ. ಗಟ್ಟಿಯ ಒರಟು ಮೇಲ್ಮೈ, ಸಂದಿನ ಕಪ್ಪು ನೆರಳು ಇವೇ ಅದರ ವಯಸ್ಸಿನ ಸಾಕ್ಷಿ. ಉಗುರು ಬೆಚ್ಚಗಿನ ನೀರು, ಸ್ವಲ್ಪ ಸೋಪು, ಮೆತ್ತನೆಯ ಬ್ರಷ್ ಸಾಕು.

ಹರಾಜಿನಲ್ಲಿ ಕೊಳ್ಳುವವರು ಸುತ್ತಿಗೆ ಬಿದ್ದ ಬೆಲೆಯ ಮೇಲೆ ಹರಾಜು ಮನೆಯ ಕಮಿಷನ್ ಎಷ್ಟು ಅಂತ ಮೊದಲೇ ಕೇಳಿಕೊಳ್ಳಿ, ಅದು ಎಷ್ಟೋ ಕಡೆ ಶೇಕಡಾ 20 ದಾಟುತ್ತದೆ. ಹಿಂಬದಿಯ ಫೋಟೊ, ಕೊಂಡಿಯ ಫೋಟೊ, ಮುದ್ರೆಯ ಫೋಟೊ ಕೇಳಿ. ಕೊಡಲು ಹಿಂದೇಟು ಹಾಕುವವರಿಂದ ಕೊಳ್ಳಬೇಡಿ. ರಸೀದಿಯಲ್ಲಿ 'ಹಳೆಯ ಚಿನ್ನದ ಬ್ರೋಚ್' ಅಂತ ಬರೆಸಿಕೊಂಡರೆ ಸಾಲದು. ಕಾಲ, ಊರು, ಮಾಡಿದವರ ಹೆಸರು, ಕ್ಯಾರೆಟ್ ನಾಲ್ಕೂ ಇರಲಿ. ನಾಳೆ ಸುಳ್ಳು ಅಂತ ಗೊತ್ತಾದರೆ ವಾಪಸ್ ಕೇಳಲು ಅದೇ ಆಧಾರ.

ದೇಶದಿಂದ ದೇಶಕ್ಕೆ ಒಯ್ಯುವಾಗ ಕಾನೂನು ನೋಡಿಕೊಳ್ಳಬೇಕು. ಆಸ್ಟ್ರೇಲಿಯದಲ್ಲಿ 1986ರ ಕಾನೂನು, ನ್ಯೂಜಿಲೆಂಡಿನಲ್ಲಿ 1975ರ ಕಾನೂನು ಇದೆ. ಮಹತ್ವದ ಹಳೆಯ ವಸ್ತುಗಳನ್ನು ಹೊರಗೆ ಒಯ್ಯಲು ಅನುಮತಿ ಬೇಕು. ಸಣ್ಣ ಬಾರ್ ಬ್ರೋಚಿಗೆ ಸಾಮಾನ್ಯವಾಗಿ ತೊಂದರೆ ಇರದು, ಮೊದಲ ಅಲೆಯ ದೊಡ್ಡ ಬ್ರೋಚಿಗೆ ಕೇಳಿಯೇ ಹೊರಡಿ. ಭಾರತದಲ್ಲಿ 1972ರ ಕಾನೂನಿನ ಪ್ರಕಾರ ನೂರು ವರ್ಷ ದಾಟಿದ ವಸ್ತು ಪುರಾತನ ವಸ್ತುಗಳ ಲೆಕ್ಕಕ್ಕೆ ಬರಬಹುದು, ಅಂಥವನ್ನು ಖಾಸಗಿಯವರು ದೇಶದ ಹೊರಗೆ ಒಯ್ಯುವಂತಿಲ್ಲ. ಆದ್ದರಿಂದ ಮೆಲ್ಬರ್ನಿನಲ್ಲಿ ಕೊಂಡದ್ದನ್ನು ಮದುವೆಗೆಂದು ಊರಿಗೆ ತಂದು ವಾಪಸ್ ಒಯ್ಯುವವರು ಕೊಂಡ ರಸೀದಿ ಜೊತೆಗಿಟ್ಟುಕೊಳ್ಳಿ, ಒಳಬರುವಾಗಲೇ ವಿಮಾನ ನಿಲ್ದಾಣದ ಕಸ್ಟಮ್ಸ್‌ನಲ್ಲಿ ತೋರಿಸಿ ಬರಹದಲ್ಲಿ ಗುರುತು ಹಾಕಿಸಿಕೊಳ್ಳಿ. ಆಭರಣಕ್ಕೆ ಸುಂಕವಿಲ್ಲದ ಮಿತಿ ಆಗಾಗ ಬದಲಾಗುತ್ತದೆ. ಹೊರಡುವ ವಾರ ಕಸ್ಟಮ್ಸ್ ಇಲಾಖೆಯ ಆಗಿನ ನಿಯಮ ಓದಿಕೊಂಡೇ ಪೆಟ್ಟಿಗೆ ಕಟ್ಟಿ.